ಹರಿಯಬೇಕಾದ ಹೊಲಿಗೆ

ಹೊಸ ಕಾರಿಗೆ ರಿಪೇರಿ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ನಾನು ಕೆಲಸಕ್ಕೆ ಸೇರಿದಾಗ ನಮ್ಮತ್ತೆಯೂ ಕೇಳಿದ್ದರು: "ಹೊಸಾದು ಅಂತೀಯ, ತೇಪೆ ಹಾಕ್ತೀನಿ ಅಂತೀಯ. ಯಾವುದಾದ್ರೂ ಒಂದು ಹೇಳೇ."

ಎರಡೂ ನಿಜ. ಹಳೇ ಕಾರಿನ ಒಳಗೆ ಗೀರು ಬಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹೊಸ ಕಾರಿನಲ್ಲಿ ಉಗುರು ತಾಗಿದ ಗುರುತಿದ್ದರೂ ಕೊಂಡವರ ಮುಖ ಬಾಡಿಹೋಗುತ್ತದೆ. ಕಾರ್ಖಾನೆ ಬಿಟ್ಟ ಗಾಡಿ ಟ್ರೈಲರ್ ಏರಿ ಬರುತ್ತದೆ, ಯಾರ್ಡಿನಲ್ಲಿ ಬಿಸಿಲಿಗೆ ನಿಲ್ಲುತ್ತದೆ, ಹತ್ತು ಜನ ಹತ್ತಿ ಇಳಿಯುತ್ತಾರೆ. ಪ್ಲಾಸ್ಟಿಕ್ ಹೊದಿಕೆ ಬಿಚ್ಚುವವನ ಬ್ಲೇಡು ಬಾಗಿಲಿನ ಒಳಮೈಗೆ ಜಾರುತ್ತದೆ. ಯಾರೋ ಗಾಡಿಯ ಒಳಗೇ ಕಬ್ಬಿಣದ ಸಾಮಾನು ಸಾಗಿಸಿ ಸೀಟು ಹರಿದಿರುತ್ತಾರೆ. ಮುಂದಿನ ವಾರ ಡೆಲಿವರಿ ಅಂದರೆ ಈ ವಾರ ಆ ಗಾಡಿ ನಮ್ಮ ಕೈಗೆ ಬರುತ್ತಿತ್ತು. ಪೀಣ್ಯದ ಒಂದು ಕಾರ್ ಶೋರೂಮಿನ ಹಿಂದೆ, ತಗಡಿನ ಚಾವಣಿ ಕೆಳಗೆ ನಮ್ಮ ಟ್ರಿಮ್ ಸೆಕ್ಷನ್. ಟ್ರಿಮ್ ಅಂದರೆ ಕಾರಿನ ಒಳಗೆ ಕೈಗೆ, ಕಣ್ಣಿಗೆ ತಾಗುವುದೆಲ್ಲ. ಡ್ಯಾಶ್‌ಬೋರ್ಡ್, ಸೀಟು, ಬಾಗಿಲಿನ ಒಳಮೈ, ಚಾವಣಿಯ ಬಟ್ಟೆ.

ಈಗ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಬಾಗಲಗುಂಟೆಯ ನಮ್ಮ ಮನೆಗೆ ಬಂದು ಕೇಳುತ್ತಾರೆ, "ಗಿರಿಜಕ್ಕ, ಮುಖ್ಯವಾಗಿ ಏನು ಕಲೀಬೇಕು?" ಒಂದು ಕಡೆ ಕೂತು ಹೇಳೋಣವೆಂದರೆ ನನಗೆ ಕೂರಲಾಗುವುದಿಲ್ಲ. ಕೆಲಸ ಬಿಟ್ಟ ಮೇಲೆ ಈ ಚಡಪಡಿಕೆ ಹೆಚ್ಚಾಗಿದೆ. ಸೋಫಾದ ಅಂಚನ್ನು ಬೆರಳಲ್ಲಿ ಒತ್ತಿ ನೋಡುತ್ತೇನೆ. ಆಟೋ ಹತ್ತಿದರೆ ರೆಕ್ಸಿನ್ ಹರಿದ ಕಡೆಗೇ ಕೈ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವಾಗ ನಡುನಡುವೆ ಎದ್ದು ಓಡಾಡಿ ಬರಬಹುದಲ್ಲ.

ಮೊದಲು ನಾನು ಗಾರ್ಮೆಂಟ್ಸಿನಲ್ಲಿದ್ದೆ. ದಿನವಿಡೀ ಅಂಗಿಯ ಕಾಲರ್ ಹೊಲಿಯುವುದು. ಕಾಲರ್ ಬಿಟ್ಟು ಇನ್ನೇನನ್ನೂ ನೋಡದೆ ಬೇಸತ್ತು ಈ ಕಡೆ ಬಂದೆ. ಇಲ್ಲಿ ನನಗೆ ಕಲಿಸಿದವರು ಬಶೀರಣ್ಣ. ಶಿವಾಜಿನಗರದ ಸೀಟ್ ಕವರ್ ಅಂಗಡಿಗಳಲ್ಲಿ ಬೆಳೆದ ಕೈ ಅವರದು. ಬೆಳ್ಳಿ ಗಡ್ಡ, ಕಿವಿಯ ಮೇಲೆ ಯಾವಾಗಲೂ ಒಂದು ಸೀಮೆಸುಣ್ಣದ ತುಂಡು. ಹೊಲಿಗೆಯ ವಿಷಯದಲ್ಲಿ ಅವರದು ಒಂದೇ ಮಾತು: "ಬಟ್ಟೆ ಹರಿದ್ರೆ ಬಟ್ಟೆ ತಪ್ಪು. ಹೊಲಿಗೆ ಹರಿದ್ರೆ ಹೊಲಿದವನ ತಪ್ಪು." ನಾನು ಹಾಕಿದ ಹೊಲಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗುತ್ತಿದ್ದರು. ಒಂದು ಎಳೆ ಬಿಟ್ಟರೂ ಪೂರ್ತಿ ಬಿಚ್ಚಿಸುತ್ತಿದ್ದರು. ಮೊದಲ ತಿಂಗಳುಗಳಲ್ಲಿ ನಾನು ಹೊಲಿದಿದ್ದಕ್ಕಿಂತ ಬಿಚ್ಚಿದ್ದೇ ಜಾಸ್ತಿ.

ನಮ್ಮ ಮ್ಯಾನೇಜರ್ ಶ್ರೀಧರ್ ಸಾರ್ ಕೂತಿದ್ದನ್ನು ನಾನು ನೋಡಿಲ್ಲ. ಕಿವಿಗೆ ಫೋನು, ಕಾಲಿಗೆ ಚಕ್ರ. ಬಂದವರೇ "ಆಯ್ತಾ?" ಅನ್ನುವುದು, ಉತ್ತರಕ್ಕೆ ಕಾಯದೆ ಮುಂದಿನ ಗಾಡಿಯ ಹತ್ತಿರ ಹೋಗಿ "ಆಯ್ತಾ?" ಅನ್ನುವುದು. ಹಿಂದಿನಿಂದ ನಾವು ಅವರನ್ನು ಆಯ್ತಾ ಸಾರ್ ಅಂತಲೇ ಕರೆಯುತ್ತಿದ್ದೆವು. ಆದರೆ ಅವರ ಅವಸರಕ್ಕೂ ಕಾರಣವಿತ್ತು. ಕೊಳ್ಳುವವರು ಪಂಚಾಂಗ ನೋಡಿ ಬರುತ್ತಿದ್ದರು. ಮುಹೂರ್ತಕ್ಕೆ ಗಾಡಿ ಹೊರಡದಿದ್ದರೆ ಬೈಸಿಕೊಳ್ಳುವವರು ಅವರು.

ಒಮ್ಮೆ ನಾಗಸಂದ್ರದ ಒಂದು ಕುಟುಂಬ ಪುರೋಹಿತರನ್ನು ಕರೆದುಕೊಂಡೇ ಬಂದಿತ್ತು. ಹಾರ, ನಿಂಬೆಹಣ್ಣು, ತೆಂಗಿನಕಾಯಿ ಎಲ್ಲ ಮುಗಿದ ಮೇಲೆ ಪುರೋಹಿತರು ಉರಿಯುವ ಊದುಬತ್ತಿಯನ್ನು ಎಸಿ ಗಾಳಿ ಬರುವ ಸಂದಿಗೆ ಸಿಕ್ಕಿಸಿಬಿಟ್ಟರು. ಕಿಡಿ ಉದುರಿ ಡ್ಯಾಶ್‌ಬೋರ್ಡಿನ ಮೇಲೆ ಮೆಣಸಿನ ಕಾಳಿನಷ್ಟು ತೂತು ಬಿತ್ತು. ಗಾಡಿ ಇನ್ನೂ ಗೇಟು ದಾಟಿರಲಿಲ್ಲ. ಯಜಮಾನರು ಪುರೋಹಿತರನ್ನು ನೋಡಿದರು, ಪುರೋಹಿತರು ಆಕಾಶ ನೋಡಿದರು, ಶ್ರೀಧರ್ ಸಾರ್ ನಮ್ಮ ಕಡೆ ಓಡಿ ಬಂದರು.

"ಎಲ್ರಿಗೂ ಕಾಫಿ ಕೊಡ್ಸಿ ಸಾರ್. ನಿಧಾನವಾಗಿ ಕುಡೀಲಿ," ಅಂದರು ಬಶೀರಣ್ಣ.

ತೂತಿಗೆ ಫಿಲ್ಲರ್ ಅನ್ನುವ ಲೇಪ ತುಂಬಿದೆವು. ಅದು ಒಣಗಲು ಬಿಸಿಗಾಳಿ ಕೊಟ್ಟು, ಉಜ್ಜಿ ಸಮ ಮಾಡಿ, ಡ್ಯಾಶ್‌ಬೋರ್ಡಿನ ಮೈಮೇಲಿರುವ ಚರ್ಮದಂಥ ಗೆರೆಗಳ ಅಚ್ಚು ಒತ್ತಿದೆವು. ಬಣ್ಣ ನಾನೇ ಕಲಸಿದೆ. ಕಪ್ಪು ಅಂದರೆ ಒಂದೇ ಕಪ್ಪಲ್ಲ ಅಂತ ಈ ಕೆಲಸಕ್ಕೆ ಬಂದ ಮೇಲೇ ನನಗೆ ಗೊತ್ತಾಗಿದ್ದು. ಕಾಫಿ ಕುಡಿದು ಬಂದ ಯಜಮಾನರ ಹೆಂಡತಿ ಕನ್ನಡಕ ಹಾಕಿಕೊಂಡು ಹುಡುಕಿದರು, ತೂತು ಸಿಗಲಿಲ್ಲ. ಪುರೋಹಿತರು ಕೂಡಲೇ, "ಅಗ್ನಿ ತಗೊಂಡಿದ್ದನ್ನ ಅಗ್ನಿನೇ ವಾಪಸ್ ಕೊಟ್ಟ," ಅಂದುಬಿಟ್ಟರು. ಬಶೀರಣ್ಣ ಗಾಡಿಯ ಹಿಂದೆ ಬಗ್ಗಿ ನಗುತ್ತಿದ್ದರು.

ಹೀಗೆ ನಗುನಗುತ್ತಾ ಎಷ್ಟೋ ಗಾಡಿ ಕಳಿಸಿದೆವು. ಗೊತ್ತಾಗದ ಹಾಗೆ ಮಾಡುವುದೇ ನಮ್ಮ ಹೆಮ್ಮೆಯಾಗಿತ್ತು. ಆ ಹೆಮ್ಮೆಗೆ ಪೆಟ್ಟು ಬಿದ್ದ ದಿನದ ವಿಷಯ ಹೇಳದೆ, ಉಳಿದದ್ದನ್ನು ಎಷ್ಟು ಹೇಳಿದರೂ ಪ್ರಯೋಜನವಿಲ್ಲ.

ಕಾರುಗಳ ಒಳಗೆ ಒಂದೊಂದೇ ಹೊಸ ವ್ಯವಸ್ಥೆ ಬರುತ್ತಿದ್ದ ಕಾಲ. ಮೊದಲು ಏರ್‌ಬ್ಯಾಗ್ ಎಂಬ ಗಾಳಿಚೀಲ ಸ್ಟೀರಿಂಗ್ ಒಳಗೆ, ಡ್ಯಾಶ್‌ಬೋರ್ಡ್ ಒಳಗೆ ಮಾತ್ರ ಇರುತ್ತಿತ್ತು. ಗಾಡಿ ಡಿಕ್ಕಿಯಾದರೆ ಏರ್‌ಬ್ಯಾಗ್ ಉಬ್ಬಿ ಕೂತವರನ್ನು ಕಾಪಾಡುತ್ತದೆ, ಇದು ಎಲ್ಲರಿಗೂ ಗೊತ್ತು. ಆಮೇಲೆ ಬಂದ ದುಬಾರಿ ಮಾಡೆಲ್‌ಗಳಲ್ಲಿ ಮುಂದಿನ ಸೀಟಿನ ಪಕ್ಕೆಯೊಳಗೂ ಚೀಲ ಇಡತೊಡಗಿದರು. ಈ ಬಗ್ಗೆ ಕಂಪನಿಯವರು ಒಂದು ದಿನದ ತರಬೇತಿ ಇಟ್ಟರು. ಬಶೀರಣ್ಣ, "ಈ ವಯಸ್ಸಲ್ಲಿ ನನಗೇನು ಕ್ಲಾಸು, ನೀನು ಹೋಗಿ ಬಾಮ್ಮ," ಅಂತ ನನ್ನನ್ನು ಕಳಿಸಿದರು.

ಮರುದಿನ ಬೆಳಿಗ್ಗೆ ಟೀ ಕುಡಿಯುತ್ತಾ ನಾನು ಅವರಿಗೆ ಉತ್ಸಾಹದಿಂದ ಹೇಳತೊಡಗಿದೆ.

"ಬಶೀರಣ್ಣ, ಸೀಟಿನ ಪಕ್ಕದಲ್ಲಿ ಉದ್ದಕ್ಕೆ ಒಂದು ಹೊಲಿಗೆ ಇರುತ್ತಲ್ಲ, ಬಾಗಿಲ ಕಡೆ. ಅದು ಹರಿಯಲಿ ಅಂತಲೇ ಹಾಕಿರೋ ಹೊಲಿಗೆಯಂತೆ! ಡಿಕ್ಕಿಯಾದಾಗ ಅದನ್ನ ಹರ್ಕೊಂಡೇ ಚೀಲ ಆಚೆ ಬರೋದು. ಅದಕ್ಕೇ ಬೇರೆ ದಾರ. ಗಟ್ಟಿ ದಾರ ಹಾಕಿದ್ರೆ ಚೀಲ ಒಳಗೇ ಸಿಕ್ಕೊಳುತ್ತೆ, ಇಲ್ಲಾಂದ್ರೆ ಎಲ್ಲೆಲ್ಲೋ ನುಗ್ಗುತ್ತೆ. ಆ ಜಾಗ ರಿಪೇರಿ ಮಾಡೋ ಹಾಗೇ ಇಲ್ಲ. ಹರಿದ್ರೆ ಕವರ್ ಪೂರ್ತಿ ಹೊಸದೇ ಹಾಕಬೇಕು."

ಅವರು ಏನಾದರೂ ತಮಾಷೆ ಮಾಡುತ್ತಾರೆ ಅಂದುಕೊಂಡಿದ್ದೆ. ಅವರು ಟೀ ಲೋಟವನ್ನು ನೆಲದ ಮೇಲೆ ಇಟ್ಟರು.

"ನಿನ್ನೆ ಒಂದು ಹೊಲಿದೆ," ಅಂದರು.

"ಯಾವುದು?"

"ಬಿಳೀ ಗಾಡಿ. ಎಡಗಡೆ ಸೀಟು. ಯಾರ್ಡಿನವರು ಏನೋ ತಗಲಿಸಿ ಅದೇ ಹೊಲಿಗೆ ಬಿಚ್ಚಿಬಿಟ್ಟಿದ್ರು."

"ಏರ್‌ಬ್ಯಾಗ್ ಅಂತ ಬರೆದಿರೋ ಸಣ್ಣ ಪಟ್ಟಿ ಇರಲಿಲ್ವಾ ಅಲ್ಲಿ?"

"ಪಟ್ಟಿ ಇರೋ ಜಾಗನೇ ಕಿತ್ತುಹೋಗಿತ್ತಮ್ಮ. ನಾನು ಯಾವಾಗ್ಲೂ ಹೊಲಿಯೋ ಮಾಡೆಲ್ ಅಂದ್ಕೊಂಡೆ. ಅದೇ ಬಟ್ಟೆ, ಅದೇ ಬಣ್ಣ." ಆಮೇಲೆ, "ನೈಲಾನ್ ದಾರ. ಎರಡೆಳೆ," ಅಂದರು.

ಅದು ಎಂಥ ಹೊಲಿಗೆ ಅಂತ ನನಗೆ ಹೇಳಬೇಕಾಗಿರಲಿಲ್ಲ. ಆ ಹೊಲಿಗೆ ಹಾಕುವುದನ್ನು ನಾನು ಅವರಿಂದಲೇ ಕಲಿತಿದ್ದೆ. ಎತ್ತು ಕಟ್ಟಿ ಎಳೆದರೂ ಬಿಡುವುದಿಲ್ಲ.

ಇಬ್ಬರೂ ಶ್ರೀಧರ್ ಸಾರ್ ಹತ್ತಿರ ಹೋದೆವು. ಬಿಳೀ ಗಾಡಿ ಹಿಂದಿನ ಸಂಜೆಯೇ ಡೆಲಿವರಿ ಆಗಿತ್ತು. ಕೊಂಡವರು ಮಲ್ಲೇಶಪ್ಪ ಅಂತ, ಮುದ್ದೇಬಿಹಾಳದ ಕಡೆಯವರು. ಎಲೆಕ್ಟ್ರಾನಿಕ್ ಸಿಟಿ ಸುತ್ತ ಅಪಾರ್ಟ್‌ಮೆಂಟ್‌ಗಳಿಗೆ ಟೈಲ್ಸ್ ಹಾಕಿಸುವ ಕೆಲಸ, ಮನೆ ಹೆಬ್ಬಗೋಡಿಯಲ್ಲಿ.

ಶ್ರೀಧರ್ ಸಾರ್ ಮೊದಲು ಹೇಳಿದ್ದು ಇಷ್ಟು: "ಮೊದಲನೇ ಸರ್ವೀಸಿಗೆ ಬರ್ತಾರಲ್ಲ, ಅವಾಗ ಬದಲಾಯಿಸೋಣ. ಈಗ ಫೋನ್ ಮಾಡಿ ಹೊಸ ಗಾಡಿ ಸೀಟು ಹರಿದಿತ್ತು ಅಂತ ಹೇಳಕ್ಕಾಗುತ್ತಾ?"

ಬಶೀರಣ್ಣ, "ಅಲ್ಲಿವರೆಗೂ ಆ ಸೀಟಲ್ಲಿ ಯಾರು ಕೂರ್ತಾರೆ ಸಾರ್?" ಅಂದರು. ಜೋರಾಗಿಯೇನೂ ಅನ್ನಲಿಲ್ಲ.

ಸಾರ್ ಓಡಾಡಿದರು. ಕಿಟಕಿ ಹತ್ತಿರ ಹೋದರು, ಬಂದರು. ಆಮೇಲೆ ಫೋನ್ ಮಾಡಿದರು. ಸೀಟಿನಲ್ಲಿ ಸ್ವಲ್ಪ ಕೆಲಸ ಇದೆ, ಗಾಡಿ ತನ್ನಿ ಅಂದಿದ್ದಕ್ಕೆ ಮಲ್ಲೇಶಪ್ಪ, "ನಾಳಿ ಮುಂಜಾನೆ ನಾವು ಊರಿಗೆ ಹೊಂಟೀವ್ರಿ, ಬಂದಮ್ಯಾಲ ನೋಡೂಣು," ಅಂತ ಫೋನಿಟ್ಟರಂತೆ. ಮತ್ತೆ ಮಾಡಿದರೆ ಎತ್ತಲಿಲ್ಲ.

ಊರು ಅಂದರೆ ಇಡೀ ದಿನದ ದಾರಿ, ಹೆದ್ದಾರಿಯ ಲಾರಿಗಳ ನಡುವೆ. ಬಶೀರಣ್ಣ ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು. ನಾನೂ ಹೊರಟೆ. ಹಿಂದಿನಿಂದ ಶ್ರೀಧರ್ ಸಾರ್ ಕೂಗಿ ಹೇಳಿದರು: "ಕರ್ಕೊಂಡು ಬನ್ನಿ. ಸ್ಟಾಕಲ್ಲಿ ಅದೇ ಮಾಡೆಲ್ ಇನ್ನೊಂದಿದೆ, ಅದರ ಸೀಟು ಬಿಚ್ಚಿಸಿ ಇಟ್ಟಿರ್ತೀನಿ." ಆ ಇನ್ನೊಂದು ಗಾಡಿಗೂ ಯಾರೋ ಕಾಯುತ್ತಿದ್ದರು. ಅದಕ್ಕೆ ಸಾರೇ ಉತ್ತರ ಹೇಳಬೇಕಾಗಿತ್ತು. ಅವರ ಬಗ್ಗೆ ಎಷ್ಟು ಹಾಸ್ಯ ಮಾಡಿದರೂ ಈ ಮಾತನ್ನು ನಾನು ಮರೆಯುವುದಿಲ್ಲ.

ಮೆಟ್ರೋ ಹತ್ತಿ, ಇಳಿದು, ಹೊಸೂರು ರಸ್ತೆಯ ಬಸ್ಸು ಹಿಡಿದೆವು. ಸಿಲ್ಕ್ ಬೋರ್ಡ್ ಹತ್ತಿರ ಬಸ್ಸು ನಿಂತಲ್ಲೇ ನಿಂತಾಗ ಬಶೀರಣ್ಣ ಎದ್ದು ಬಾಗಿಲ ಹತ್ತಿರ ಹೋಗಿ ಇಣುಕಿ ಬಂದರು. ಕೂತರು. ಮತ್ತೆ ಎದ್ದರು. ಕಂಡಕ್ಟರ್, "ಯಜಮಾನ್ರೇ, ನೀವು ನಿಂತ್ರೆ ಬಸ್ ಬೇಗ ಹೋಗಲ್ಲ," ಅಂದ.

ಹೆಬ್ಬಗೋಡಿಯ ಬೀದಿಯಲ್ಲಿ ಮನೆ ಹುಡುಕಬೇಕಾಗಲಿಲ್ಲ. ಹಾರ ಹಾಕಿದ ಬಿಳೀ ಕಾರು ಬಾಡಿಗೆ ಮನೆಗಳ ಸಾಲಿನ ಮುಂದೆ ನಿಂತಿತ್ತು, ಸುತ್ತ ಅಕ್ಕಪಕ್ಕದವರು. ಎಡಗಡೆ ಮುಂದಿನ ಬಾಗಿಲು ತೆರೆದಿತ್ತು. ಆ ಸೀಟಿನಲ್ಲಿ ಮಲ್ಲೇಶಪ್ಪನವರ ತಾಯಿ ಕೂತಿದ್ದರು. ಇಳಕಲ್ ಸೀರೆ, ಹಣೆ ತುಂಬಾ ವಿಭೂತಿ. ಬಂದವರೆಲ್ಲ ಅವರ ಕೈಯಿಂದಲೇ ಸಕ್ಕರೆ ಇಸಿದುಕೊಂಡು ಗಾಡಿ ನೋಡುತ್ತಿದ್ದರು. ಬೆಳಿಗ್ಗೆಯಿಂದ ಅವರು ಇಳಿದೇ ಇಲ್ಲವಂತೆ.

ಮಲ್ಲೇಶಪ್ಪ ನಮ್ಮ ಸಮವಸ್ತ್ರ ನೋಡಿದ ಕೂಡಲೇ ಬಾಗಿಲಿಗೆ ಅಡ್ಡ ನಿಂತರು.

"ಗಾಡಿ ಕೊಡೂದಿಲ್ರಿ. ರೊಕ್ಕ ಎಲ್ಲಾ ಮುಟ್ಟಿಸೇನಿ. ಬದಲಿ ಗಾಡಿ ಕೊಡಾಕ ನೋಡ್ತೀರೇನು?"

"ಗಾಡಿ ಬೇಡ ಸಾರ್, ಸೀಟು ಮಾತ್ರ," ಅಂದೆ.

"ಸೀಟಿಗೇನಾಗೇತಿ? ಚೊಲೋ ಐತಲ್ಲ."

ನಾನು ಬಾಯಿ ತೆರೆಯುವ ಮೊದಲು ಬಶೀರಣ್ಣ ಹೇಳಿಬಿಟ್ಟರು. "ಹರಿದಿತ್ತು ಸಾರ್. ನಾನು ಹೊಲಿದೆ. ಹೊಲೀಬಾರದ ಜಾಗ ಹೊಲಿದೆ."

ಮಲ್ಲೇಶಪ್ಪನವರ ಮುಖ ಕೆಂಪಾಯಿತು. "ಹರದದ್ದನ್ನ ಹೊಸಾದು ಅಂತ ಕೊಟ್ರೇನ್ರಿ ನನಗ? ಎಷ್ಟ್ ವರ್ಷದ ಆಸೆ ಐತಿ ಗೊತ್ತೈತೇನು ಇದು?" ಇನ್ನೂ ಏನೇನೋ ಅಂದರು. ಅಂದಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬಶೀರಣ್ಣ ತಲೆ ತಗ್ಗಿಸಲಿಲ್ಲ. ಅವರ ಕಣ್ಣು ಆ ಸೀಟಿನ ಪಕ್ಕಕ್ಕೇ ಅಂಟಿಕೊಂಡಿತ್ತು.

ನಾನು ಅವ್ವನ ಪಕ್ಕ ಕುಕ್ಕರುಗಾಲಲ್ಲಿ ಕೂತೆ. "ಅವ್ವಾ, ಸ್ವಲ್ಪ ಇಳೀತೀರಾ?"

"ನಾ ಯಾಕಿಳೀಲಿ? ನನ್ನ ಮಗ ನನಗಂತ ತಂದಾನ."

"ನಿಮಗೋಸ್ಕರಾನೇ ಹೇಳ್ತಿರೋದು. ಈ ಸೀಟಿನ ಪಕ್ಕದೊಳಗೆ ಒಂದು ಚೀಲ ಇದೆ. ಗಾಡಿಗೆ ಏನಾದ್ರೂ ತಾಗಿದ್ರೆ ಅದು ಹೊಲಿಗೆ ಹರ್ಕೊಂಡು ಆಚೆ ಬಂದು ನಿಮ್ಮನ್ನ ಹಿಡ್ಕೊಳುತ್ತೆ. ನಾವು ಆ ಹೊಲಿಗೆನ ಗಟ್ಟಿ ಮಾಡ್ಬಿಟ್ಟಿದ್ದೀವಿ. ಈಗ ಅದು ಹರಿಯಲ್ಲ."

ಅವರು ಪಕ್ಕಕ್ಕೆ ಕೈ ಹಾಕಿ ಹೊಲಿಗೆಯನ್ನು ಹೆಬ್ಬೆರಳಿನಲ್ಲಿ ಸವರಿದರು. ಮೇಲಿನಿಂದ ಕೆಳಗೆ, ಮತ್ತೆ ಕೆಳಗಿನಿಂದ ಮೇಲೆ.

"ಯಾರು ಹಾಕ್ಯಾರ ಇದನ್ನ?"

ಬಶೀರಣ್ಣ ಮುಂದೆ ಬಂದರು.

"ಚೊಲೋ ಕೈ ಐತಿ ನಿಂದು," ಅಂದರು ಅವ್ವ. "ನಾ ಹಳೇ ಸೀರಿ ಕೂಡ್ಸಿ ಕೌದಿ ಹೊಲೀತೀನಿ. ಕೌದಿಗೂ ಮೊದಲ ದೊಡ್ಡ ದೊಡ್ಡ ಹೊಲಿಗಿ ಹಾಕ್ತೀವಿ, ಆಮ್ಯಾಲ ಎಳದ್ರ ಬರಬೇಕು ಅಂತ. ಅಲ್ಲಿ ಯಾರರ ಗಟ್ಟಿ ಹೊಲಿಗಿ ಹಾಕಿದ್ರ ಕೌದಿ ಕೆಡ್ತೈತಿ." ಆಮೇಲೆ ಮಗನ ಕಡೆ ತಿರುಗಿ, "ಮಲ್ಲೇಶಾ, ಸಿಟ್ಟು ಆಮ್ಯಾಲ ಮಾಡು. ಮೊದಲ ಗಾಡಿ ತಗೊಂಡು ನಡಿ," ಅಂತ ಸೊಂಟ ಹಿಡಿದುಕೊಂಡು ಇಳಿದರು.

ಇಳಿದರೂ ಮನೆಯಲ್ಲಿ ಉಳಿಯಲು ಒಪ್ಪಲಿಲ್ಲ. ಮಲ್ಲೇಶಪ್ಪನವರ ಹೆಂಡತಿಯೂ ನಮ್ಮನ್ನು ನಂಬದೆ ಹೊರಟುನಿಂತರು. ಹಿಂದಿನ ಸೀಟಿನಲ್ಲಿ ಅವರಿಬ್ಬರು, ಜೊತೆಗೆ ಒಬ್ಬರಿಗೆ ಜಾಗ. ಮುಂದೆ ಉಳಿದಿದ್ದು ಆ ಸೀಟು ಒಂದೇ.

"ನಾನು ಮುಂದೆ ಕೂರ್ತೀನಿ, ನೀವು ಹಿಂದೆ ಕೂತ್ಕೊಳ್ಳಿ," ಅಂದೆ.

"ಹೊಲಿದೋನು ನಾನು," ಅಂತ ಬಶೀರಣ್ಣ ಹತ್ತಿ ಬೆಲ್ಟ್ ಹಾಕಿಕೊಂಡರು.

ಅಲ್ಲಿಂದ ಪೀಣ್ಯದವರೆಗಿನ ಆ ದಾರಿಯನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೋ. ಮಲ್ಲೇಶಪ್ಪ ಹೊಸದಾಗಿ ಓಡಿಸುವುದು ಕಲಿತವರು, ಮೇಲಾಗಿ ಕೋಪದಲ್ಲಿದ್ದರು. ಟೋಲ್ ರಸ್ತೆಗೆ ಹತ್ತಿದ ಮೇಲೆ ಜಲ್ಲಿ ಲಾರಿಗಳು ಎಡಗಡೆಯಿಂದಲೇ ನುಗ್ಗುತ್ತಿದ್ದವು. ಒಂದು ಲಾರಿ ಎಷ್ಟು ಹತ್ತಿರ ಬಂತೆಂದರೆ ಅದರ ಚಕ್ರದ ಬೋಲ್ಟುಗಳು ಬಶೀರಣ್ಣನ ಭುಜದ ಪಕ್ಕದಲ್ಲೇ ತಿರುಗುತ್ತಿರುವುದು ನನಗೆ ಕಂಡಿತು. ನಾನು ಕಿರುಚಿದೆ. ಅವರು ಅಲುಗಲಿಲ್ಲ. ಎಡಗೈಯನ್ನು ಹಿಂದಕ್ಕೆ ಹಾಕಿ ಆ ಹೊಲಿಗೆಯ ಮೇಲೆ ಇಟ್ಟುಕೊಂಡು, ಬೆರಳಿನಿಂದ ಒಂದೇ ಸಮನೆ ಕೆರೆಯುತ್ತಿದ್ದರು. ಬಿಚ್ಚಲು ಆಗುವುದಿಲ್ಲ ಅಂತ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಕೆರೆಯುತ್ತಿದ್ದರು. ಅವ್ವ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಶಿವ ಶಿವ ಅನ್ನುತ್ತಿದ್ದರು. ಸ್ವಲ್ಪ ದೂರ ಹೋದ ಮೇಲೆ ಮಲ್ಲೇಶಪ್ಪ ತಾವಾಗಿಯೇ ವೇಗ ಇಳಿಸಿದರು. ಬಶೀರಣ್ಣನ ಕಡೆ ಒಮ್ಮೆ ನೋಡಿ, "ಸರಿ ಕುಂದರ್ರಿ," ಅಂದರು. ಅದು ಬೈಗುಳದಂತೆ ಕೇಳಿಸಲಿಲ್ಲ.

ಸೀಟು ಬದಲಾಯಿಸಿದ್ದು ಮೆಕ್ಯಾನಿಕ್‌ಗಳು. ಬ್ಯಾಟರಿ ಕಳಚಿ, ಏರ್‌ಬ್ಯಾಗಿನ ಕರೆಂಟು ಇಳಿಯುವವರೆಗೆ ಕಾದು, ಹುಷಾರಾಗಿ ಬಿಚ್ಚಿದರು. ಶ್ರೀಧರ್ ಸಾರ್ ಆ ಕುಟುಂಬದ ಮುಂದೆ ನಿಂತು, ಹರಿದ ವಿಷಯ ಮುಚ್ಚಿಟ್ಟಿದ್ದು ನಮ್ಮ ತಪ್ಪು ಅಂತ ನೇರವಾಗಿ ಹೇಳಿದರು. ಮಲ್ಲೇಶಪ್ಪ ಸಮಾಧಾನವಾದಂತೆ ಕಾಣಲಿಲ್ಲ. ಇನ್ನೊಮ್ಮೆ ಇಡೀ ಗಾಡಿಯನ್ನು ಸುತ್ತಿ ಎಲ್ಲೆಲ್ಲಿ ಏನೇನು ರಿಪೇರಿ ಆಗಿದೆ ಅಂತ ಕೇಳಿದರು. ಬಾಗಿಲಿನ ಹತ್ತಿರ ಒಂದು ಗೀರು ತುಂಬಿದ್ದೆವು, ಅದನ್ನೂ ತೋರಿಸಿದೆ. ಅಲ್ಲಿ ಗೀರು ಇತ್ತೆಂಬುದು ಅವರಿಗೆ ಕಾಣಲೇ ಇಲ್ಲ. ಹಿಂದಿನ ದಿನವಾಗಿದ್ದರೆ ನನಗೆ ಅದು ಹೆಮ್ಮೆಯ ವಿಷಯವಾಗುತ್ತಿತ್ತು.

ಅವರು ಹೋದ ಮೇಲೆ ಬಶೀರಣ್ಣ ಹಳೇ ಕವರನ್ನು ಮೇಜಿನ ಮೇಲೆ ಹರಡಿದರು. ಮೂಲೆಯಲ್ಲಿ ಬಿದ್ದಿದ್ದ, ಅದೇ ಮಾಡೆಲ್‌ನ ಬಲಸೀಟಿನ ಒಂದು ಹಾಳಾದ ಕವರನ್ನೂ ಪಕ್ಕದಲ್ಲಿಟ್ಟರು. ಅದರ ಕಂಪನಿ ಹೊಲಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಬಲವಾಗಿ ಜಗ್ಗಿದರು. ಚರ್ರನೆ ಬಿಟ್ಟಿತು. ತಮ್ಮ ಹೊಲಿಗೆಯನ್ನು ಜಗ್ಗಿದರು. ಕಾಲಲ್ಲಿ ಮೆಟ್ಟಿ ಎಳೆದರು. ಪಕ್ಕದ ಬಟ್ಟೆ ಹಿಂಜಿತೇ ಹೊರತು ಹೊಲಿಗೆ ಬಿಡಲಿಲ್ಲ.

"ಇದಕ್ಕೆ ಮುಂಚೆ ಎಷ್ಟಮ್ಮ?" ಅಂತ ಕೇಳಿದರು. ನನಗೆ ತಕ್ಷಣ ಅರ್ಥವಾಗಲಿಲ್ಲ. "ಈ ಮಾಡೆಲ್ ಬರೋಕೆ ಶುರುವಾಗಿ ಸುಮಾರು ದಿನ ಆಯ್ತಲ್ಲ. ಎಷ್ಟು ಹೊಲಿದಿದ್ದೀನಿ?"

ಶ್ರೀಧರ್ ಸಾರ್ ಆ ಮಾಡೆಲ್ ಕೊಂಡವರಿಗೆಲ್ಲ ಫೋನ್ ಮಾಡಿಸಿದರು. ಹಲವರು ತಂದು ತೋರಿಸಿದರು, ಯಾವುದರಲ್ಲೂ ಆ ಎರಡೆಳೆ ಹೊಲಿಗೆ ಸಿಗಲಿಲ್ಲ. ಕೆಲವರು ಗಾಡಿ ಮಾರಿದ್ದರು, ಕೆಲವರ ನಂಬರು ಬದಲಾಗಿತ್ತು. ಸೀಟಿನ ಪಕ್ಕ ಹರಿದರೆ ಮುಟ್ಟಬಾರದು, ಏನು ರಿಪೇರಿ ಮಾಡಿದರೂ ಕೊಳ್ಳುವವರಿಗೆ ಹೇಳಬೇಕು ಅನ್ನುವ ಎರಡು ನಿಯಮ ನಮ್ಮಲ್ಲಿ ಅಂದಿನಿಂದ ಬಂದವು. ನೀವು ಸೇರುವ ಜಾಗದಲ್ಲಿ ಇವು ಇಲ್ಲದಿದ್ದರೆ ಕೇಳಿ ಮಾಡಿಸಿ. ಬೈಸಿಕೊಂಡರೂ ಪರವಾಗಿಲ್ಲ.

ಬಶೀರಣ್ಣ ಸರ್ವೀಸಿಗೆ ಬರುವ ಪ್ರತಿ ಗಾಡಿಯ ಬಾಗಿಲು ತೆಗೆದು ಸೀಟಿನ ಪಕ್ಕಕ್ಕೆ ಬೆರಳಾಡಿಸತೊಡಗಿದರು. ಊಟದ ಹೊತ್ತಿನಲ್ಲಿ ಬುತ್ತಿ ಬಿಟ್ಟು ಎದ್ದು ಹೋಗುತ್ತಿದ್ದರು. ರಸ್ತೆಯಲ್ಲಿ ಆ ಮಾಡೆಲ್ ಕಂಡರೆ ನಡೆಯುವುದು ನಿಲ್ಲಿಸುತ್ತಿದ್ದರು. ಅವರು ಕೆಲಸ ಬಿಟ್ಟ ಮೇಲೂ ಆ ಅಭ್ಯಾಸ ಹೋಗಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅವರ ಫೋನ್ ಬಂತು. "ಗಿರಿಜಾ, ಸಿಕ್ತಮ್ಮ."

ಸಂಬಂಧಿಕರ ಮದುವೆಗೆ ಹೋಗಿದ್ದವರು ಛತ್ರದ ಪಾರ್ಕಿಂಗ್‌ನಲ್ಲಿ ಒಂದು ಗಾಡಿಯ ಕಿಟಕಿಯಿಂದ ಇಣುಕಿದ್ದರು. ಗಾಜಿನ ಆಚೆಯಿಂದಲೇ ತಮ್ಮ ಹೊಲಿಗೆಯ ಗುರುತು ಹಿಡಿದಿದ್ದರು. ಊಟಕ್ಕೂ ಹೋಗದೆ ಮಾಲೀಕರಿಗಾಗಿ ಅಲ್ಲೇ ಕಾಯುತ್ತಿದ್ದರು. ಕೊನೆಗೆ ಬಂದವಳು ಒಬ್ಬ ಯುವತಿ, ಗಾಡಿಯನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದಳು. ಯಾರೋ ಮುದುಕ ತನ್ನ ಕಾರಿಗೆ ಒರಗಿ ನಿಂತಿದ್ದು ನೋಡಿ ಹೆದರಿದ್ದಳು. ಫೋನಿನಲ್ಲಿ ನಾನು ನಿಧಾನವಾಗಿ ಎಲ್ಲ ವಿವರಿಸಿದೆ. ಮರುದಿನವೇ ನಮ್ಮ ಶೋರೂಮಿಗೆ ತರುವುದಾಗಿ ಹೇಳಿದಳು, ತಂದಳು. ಬಶೀರಣ್ಣನೂ ಬಂದಿದ್ದರು.

ಹೌದು, ಅದೇ ಕೈ. ಅದೇ ಎರಡೆಳೆ. ಹೊಸ ಕವರ್ ಹಾಕಿಸಿ ಅವಳನ್ನು ಕಳಿಸಿದ ಮೇಲೆ ಬಶೀರಣ್ಣನಿಗೆ ಟೀ ತರಿಸಿದೆ. ಇನ್ನಾದರೂ ಅವರು ನಿರಾಳವಾಗಿ ಕೂರುತ್ತಾರೆ ಅಂದುಕೊಂಡೆ.

"ಇದೇ ಕೊನೇದು ಇರಬೇಕು, ಅಲ್ವಾ?" ಅಂದೆ.

"ಗೊತ್ತಿಲ್ಲಮ್ಮ. ಹೊಲಿಯೋವಾಗ ನಾನು ಗಾಡಿ ಎಲ್ಲಿ ನೋಡ್ತಿದ್ದೆ? ಹರಿದಿದ್ದ ಜಾಗ ಮಾತ್ರ ನೋಡ್ತಿದ್ದೆ."

ಟೀ ಮುಗಿಸಿ ಎದ್ದರು. ಗೇಟಿನವರೆಗೂ ಎರಡು ಸಾಲು ಗಾಡಿ ನಿಂತಿದ್ದವು. ಅವರು ಎಡಗಡೆಯ ಸಾಲಿನ ಒಂದೊಂದೇ ಕಿಟಕಿಗೆ ಬಗ್ಗುತ್ತಾ ನಡೆದರು. ನಾನು ಕೈ ಒರೆಸಿಕೊಂಡು ಬಲಗಡೆಯ ಸಾಲಿಗೆ ಹೋದೆ.